ಶಕುಹಾಚಿ, ಬಿವಾ, ಆರ್ಕೆಸ್ಟ್ರಾ: ತಕೆಮಿತ್ಸು ಯಾಕೆ ಬೆರೆಸಲಿಲ್ಲ?

ಪ್ರಶ್ನೆ: ಜಪಾನಿನ ಸಂಯೋಜಕ ತೋರು ತಕೆಮಿತ್ಸು ಅವರ ‘ನವೆಂಬರ್ ಸ್ಟೆಪ್ಸ್’ ಕೇಳಿದೆ. ಜಪಾನಿ ವಾದ್ಯಗಳನ್ನು ಪಾಶ್ಚಾತ್ಯ ಆರ್ಕೆಸ್ಟ್ರಾಕ್ಕೆ ಬೆಸೆದ ಕೃತಿಗಳಲ್ಲಿ ಇದೇ ಮೇಲು ಎಂದು ಓದಿದ್ದೆ. ಕೇಳಿದಾಗ ಮಾತ್ರ ಆರ್ಕೆಸ್ಟ್ರಾ ಒಂದು ಕಡೆ, ಶಕುಹಾಚಿ ಎಂಬ ಬಿದಿರು ಕೊಳಲು ಮತ್ತು ಬಿವಾ ಎಂಬ ಮೀಟುವ ತಂತಿವಾದ್ಯ ಇನ್ನೊಂದು ಕಡೆ ಅನ್ನಿಸಿತು. ಒಬ್ಬರು ನುಡಿಸುವಾಗ ಇನ್ನೊಬ್ಬರು ಬಹುಪಾಲು ಸುಮ್ಮನಿರುತ್ತಾರೆ. ಇದು ಬೆಸುಗೆ ಹೇಗಾದೀತು? ನಾನೂ ಒಂದು ಶಕುಹಾಚಿ ಮತ್ತು ಹನ್ನೆರಡು ಜನರ ತಂತಿವಾದ್ಯ ತಂಡಕ್ಕೆ ಚಿಕ್ಕ ಕೃತಿ ಬರೆಯುತ್ತಿದ್ದೇನೆ. ಕಂಪ್ಯೂಟರಿನ ಸ್ಯಾಂಪಲ್‌ಗಳಲ್ಲಿ (ಮೊದಲೇ ಮುದ್ರಿಸಿಟ್ಟ ವಾದ್ಯಗಳ ಸ್ವರಗಳಲ್ಲಿ) ಚೆನ್ನಾಗಿಯೇ ಕೇಳಿಸುತ್ತಿದೆ. ವಾದಕರ ಕೈಗೆ ಕೊಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಕಿವಿ ತಪ್ಪಿಲ್ಲ. ಅದು ಬೆಸುಗೆಯೇ ಅಲ್ಲ. ಎರಡನ್ನೂ ಬೆರೆಸಬಾರದು, ಎದುರುಬದುರು ನಿಲ್ಲಿಸಿ ಅಂತರವನ್ನೇ ಎತ್ತಿ ತೋರಿಸಬೇಕು ಎಂಬ ತೀರ್ಮಾನಕ್ಕೆ ಬಂದೇ ತಕೆಮಿತ್ಸು ಆ ಕೃತಿ ಬರೆದರು. ಇದನ್ನು ಅವರೇ ಬರೆದಿಟ್ಟಿದ್ದಾರೆ ಕೂಡ. ಆ ತೀರ್ಮಾನದ ಹಿಂದೆ ತತ್ತ್ವ ಎಷ್ಟಿದೆಯೋ ಅಷ್ಟೇ ವಾದ್ಯಗಳ ಲೆಕ್ಕಾಚಾರವೂ ಇದೆ. ಆ ಲೆಕ್ಕಾಚಾರ ಗೊತ್ತಾದರೆ ನಿಮ್ಮ ಎರಡನೆಯ ಪ್ರಶ್ನೆಗೂ ಮುಕ್ಕಾಲು ಉತ್ತರ ಸಿಕ್ಕಂತೆ.

ಹಿನ್ನೆಲೆ ಚಿಕ್ಕದಾಗಿ. ತಕೆಮಿತ್ಸು (1930–1996) ಸಂಗೀತವನ್ನು ಹೆಚ್ಚಾಗಿ ಸ್ವಂತವಾಗಿಯೇ ಕಲಿತವರು. ಯುದ್ಧಕಾಲದ ರಾಷ್ಟ್ರಾಭಿಮಾನದ ಅಬ್ಬರದ ಜೊತೆ ಸೇರಿಹೋಗಿದ್ದರಿಂದ ಜಪಾನಿನ ಸಾಂಪ್ರದಾಯಿಕ ಸಂಗೀತ ಅಂದರೆ ಅವರಿಗೆ ಬಹುಕಾಲ ಆಗಿಬರುತ್ತಿರಲಿಲ್ಲ. ಬುನ್‌ರಾಕು ಗೊಂಬೆಯಾಟದ ದಪ್ಪ ಕಂಬದ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ನಾದ ಕಿವಿಗೆ ಬಿದ್ದ ಮೇಲೆ ಮನಸ್ಸು ತಿರುಗಿತು. 1962ರಲ್ಲಿ ಮಸಾಕಿ ಕೊಬಾಯಾಶಿ ಅವರ ‘ಹರಾಕಿರಿ’ ಸಿನಿಮಾಕ್ಕೆ, 1964ರಲ್ಲಿ ‘ಕ್ವೈದಾನ್’ಗೆ ಬಿವಾ ಬಳಸಿದರು. ಹೊಸ ವಾದ್ಯವನ್ನು ಸಿನಿಮಾದಲ್ಲಿ ಪರೀಕ್ಷಿಸಿ ನೋಡುವುದು ಜಾಣತನ: ತಪ್ಪಿದರೆ ಆ ತುಣುಕನ್ನು ಕತ್ತರಿಸಬಹುದು. 1966ರಲ್ಲಿ ಬಿವಾ ಮತ್ತು ಶಕುಹಾಚಿ ಎರಡಕ್ಕೇ ‘ಎಕ್ಲಿಪ್ಸ್’ ಬರೆದರು. ಆರ್ಕೆಸ್ಟ್ರಾ ನಿರ್ದೇಶಕ ಸೇಯ್ಜಿ ಓಜಾವಾ ಅದರ ಧ್ವನಿಮುದ್ರಣವನ್ನು ಆಗ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕರಾಗಿದ್ದ ಲೆನರ್ಡ್ ಬರ್ನ್‌ಸ್ಟೈನ್‌ಗೆ ಕೇಳಿಸಿದರು. ಆ ಆರ್ಕೆಸ್ಟ್ರಾ ತನ್ನ 125ನೆಯ ವರ್ಷದ ನೆನಪಿಗೆ ಈ ಎರಡು ವಾದ್ಯ ಮತ್ತು ಆರ್ಕೆಸ್ಟ್ರಾಕ್ಕೆ ಕೃತಿಯೊಂದನ್ನು ಕೇಳಿತು. 1967ರ ನವೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಓಜಾವಾ ನಿರ್ದೇಶನದಲ್ಲಿ ಅದರ ಮೊದಲ ಪ್ರದರ್ಶನ. ಬಿವಾದಲ್ಲಿ ಕಿನ್ಶಿ ತ್ಸುರುತಾ, ಶಕುಹಾಚಿಯಲ್ಲಿ ಕತ್ಸುಯಾ ಯೊಕೊಯಾಮಾ.

ಈಗ ವಾದ್ಯಗಳ ವಿಷಯ. ನಿಮಗೆ ಬೇಕಾದದ್ದು ಶಕುಹಾಚಿ, ಅದನ್ನೇ ಮೊದಲು ನೋಡೋಣ.

ರೂಢಿಯ ಶಕುಹಾಚಿಯ ಉದ್ದ ಒಂದು ಶಾಕು ಎಂಟು ಸುನ್, ಅಂದರೆ ಸುಮಾರು 54.5 ಸೆಂಟಿಮೀಟರ್. ಬಿದಿರಿನ ಬುಡದ ಭಾಗದಿಂದ ಮಾಡಿದ್ದು. ಮುಂದೆ ನಾಲ್ಕು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಎಲ್ಲ ಮುಚ್ಚಿದರೆ ಡಿ. ಒಂದೊಂದಾಗಿ ತೆರೆದರೆ ಎಫ್, ಜಿ, ಎ, ಸಿ. ಡಿಯನ್ನು ಷಡ್ಜ ಮಾಡಿಕೊಂಡರೆ ಸ ಗ ಮ ಪ ನಿ, ಗಾಂಧಾರ ಸಾಧಾರಣ, ನಿಷಾದ ಕೈಶಿಕಿ. ಕರ್ನಾಟಕ ಸಂಗೀತ ಬಲ್ಲವರು ಶುದ್ಧ ಧನ್ಯಾಸಿ ಅಂದುಬಿಡುತ್ತಾರೆ. ಸ್ವರಸ್ಥಾನದ ಮಟ್ಟಿಗೆ ಅದು ಸರಿಯೇ. ಈ ಐದು ಸ್ವರ ಗಟ್ಟಿಯಾಗಿ, ತುಂಬಿ ಬರುತ್ತವೆ. ಉಳಿದವನ್ನು ತೂತು ಅರೆಮುಚ್ಚಿ, ಗದ್ದ ತಗ್ಗಿಸಿ ತೆಗೆಯಬೇಕು. ಗದ್ದ ತಗ್ಗಿದಾಗ ತುಟಿಗೂ ಊದುವ ಅಂಚಿಗೂ ನಡುವಿನ ಜಾಗ ಕಿರಿದಾಗಿ ಸ್ವರ ಇಳಿಯುತ್ತದೆ. ಇದಕ್ಕೆ ‘ಮೆರಿ’ ಎನ್ನುತ್ತಾರೆ. ಗದ್ದ ಎತ್ತಿ ಸ್ವರ ಏರಿಸುವುದು ‘ಕರಿ’.

ನಿಮ್ಮ ಸ್ಯಾಂಪಲ್ ನಿಮಗೆ ಸುಳ್ಳು ಹೇಳುತ್ತಿರುವುದು ಇಲ್ಲಿಯೇ. ಮೆರಿಯಲ್ಲಿ ಇಳಿಯುವುದು ಸ್ವರ ಒಂದೇ ಅಲ್ಲ, ದನಿಯ ಗಾತ್ರವೂ ಇಳಿಯುತ್ತದೆ, ಬಣ್ಣವೂ ಮಂಕಾಗುತ್ತದೆ. ಈ-ಫ್ಲ್ಯಾಟ್ ಮತ್ತು ಎ-ಫ್ಲ್ಯಾಟ್ ಸ್ವಭಾವತಃ ಮೆತ್ತಗಿನ ಸ್ವರಗಳು. ಸ್ಯಾಂಪಲ್ ಮಾಡುವವರು ಎಲ್ಲ ಸ್ವರವನ್ನೂ ಒಂದೇ ಮಟ್ಟಕ್ಕೆ ತಂದು ಕೂರಿಸಿರುತ್ತಾರೆ, ಅದೂ ಮೈಕ್ ಹತ್ತಿರವಿಟ್ಟು. ಹಾಗಾಗಿ ನೀವು ಈ-ಫ್ಲ್ಯಾಟ್‌ಗೆ ಫೋರ್ಟೆ (ಗಟ್ಟಿಯಾಗಿ) ಎಂದು ಬರೆದು, ಕೆಳಗೆ ಹನ್ನೆರಡು ಜನ ಬಿಲ್ಲೆಳೆದರೂ ಕಂಪ್ಯೂಟರಿನಲ್ಲಿ ಶಕುಹಾಚಿ ತೇಲಿ ಬರುತ್ತದೆ. ಸಭಾಂಗಣದಲ್ಲಿ ಅಲ್ಲಿ ವಾದಕ ಬಾಯಿ ಆಡಿಸಿದಂತೆ ಕಾಣಬಹುದು, ಕೇಳಿಸಲಿಕ್ಕಿಲ್ಲ. ವಾದಕರು ಪ್ರಾಮಾಣಿಕರಾಗಿ ಗಟ್ಟಿ ಊದಿದರೆ ಸ್ವರ ಮೇಲಕ್ಕೆ ಜಾರುತ್ತದೆ, ಅಪಸ್ವರದ ಅಪವಾದ ಅವರ ಮೇಲೆ ಬರುತ್ತದೆ.

ಇನ್ನೊಂದು ಸಂಗತಿ. ಸಾಂಪ್ರದಾಯಿಕ ಶೈಲಿಯಲ್ಲಿ ನಾಲಗೆಯಿಂದ ಸ್ವರ ಕಡಿಯುವ ಪದ್ಧತಿಯಿಲ್ಲ. ಒಂದೇ ಸ್ವರ ಮತ್ತೆ ಮತ್ತೆ ಬಂದರೆ ಉಸಿರು ಮುರಿಯದೆ, ಬೆರಳಿನಿಂದ ತೂತನ್ನು ತಟ್ಟಿ ಬಿಡಿಸುತ್ತಾರೆ. ಆದ್ದರಿಂದ ಪಾಶ್ಚಾತ್ಯ ಫ್ಲೂಟಿಗೆ ಬರೆಯುವ ‘ಟಕಟಕ’ ಸ್ಟಕಾಟೊ ಇಲ್ಲಿ ಒಗ್ಗುವುದಿಲ್ಲ. ಒಗ್ಗುವುದು ಬೇರೆ: ಒಂದೇ ಸ್ವರ ಗಾಳಿಯಾಗಿ ಹುಟ್ಟಿ, ನಾದವಾಗಿ ತುಂಬಿ, ತಲೆಯ ಅಲುಗಾಟದಿಂದ ನಡುಗಿ, ಮೆರಿಯಲ್ಲಿ ಕುಸಿದು ಹೋಗುವುದು. ‘ಮುರಾಇಕಿ’ ಎಂಬ ಸ್ಫೋಟದಂಥ ಊದಿನಲ್ಲಿ ನಾದಕ್ಕಿಂತ ಗಾಳಿಯ ಸದ್ದೇ ಮುಂದು. ಒಂದು ಸ್ವರದೊಳಗೆ ಇಷ್ಟು ನಡೆಯುವಾಗ ಹಿಂದೆ ಹಾರ್ಮನಿ ಬದಲಾಗುತ್ತಾ ಹೋದರೆ ಕೇಳುಗ ಯಾವುದನ್ನು ಹಿಡಿಯಬೇಕು?

ಬಿವಾದ ಕಷ್ಟ ಬೇರೆ ಥರದ್ದು. ತ್ಸುರುತಾ ಅವರದು ಸಾತ್ಸುಮಾ ಬಿವಾ: ರೇಷ್ಮೆ ತಂತಿ, ಎತ್ತರದ ಐದು ಮೆಟ್ಟಿಲು, ಬೀಸಣಿಗೆಯಂತೆ ಅಗಲವಾದ ಮರದ ಮೀಟುಗೋಲು. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದು ಸ್ವರ ಏರಿಸುತ್ತೇವೆ. ಬಿವಾದಲ್ಲಿ ಎರಡು ಮೆಟ್ಟಿಲ ನಡುವಿನ ಆಳಕ್ಕೆ ತಂತಿಯನ್ನು ಒತ್ತುತ್ತಾರೆ. ತಂತಿ ಮೆಟ್ಟಿಲ ಅಗಲ ತಲೆಗೆ ತಾಗಿ ಝೇಂಕರಿಸುತ್ತದೆ. ತಂಬೂರಿಯ ಕುದುರೆಯ ಮೇಲೆ ದಾರ ಸರಿಸಿ ನಾವು ಹಿಡಿಯುವ ಜೀವಾಳಕ್ಕೆ ಇದು ಹತ್ತಿರದ ನಾದ. ಜಪಾನಿನಲ್ಲಿ ಇದಕ್ಕೆ ‘ಸವಾರಿ’ ಎಂದು ಹೆಸರು. ತಕೆಮಿತ್ಸು ಇದರ ಬಗ್ಗೆ ಮತ್ತೆ ಮತ್ತೆ ಬರೆದಿದ್ದಾರೆ, ಯಾಕೆಂದರೆ ಪಾಶ್ಚಾತ್ಯ ವಾದ್ಯ ತಯಾರಕರು ಮುನ್ನೂರು ವರ್ಷ ಕಷ್ಟಪಟ್ಟು ತೆಗೆದುಹಾಕಿದ ಗದ್ದಲವನ್ನೇ ಬಿವಾ ತಯಾರಕರು ಕಷ್ಟಪಟ್ಟು ಒಳಗೆ ಕೂರಿಸಿದ್ದಾರೆ. ಆ ಝೇಂಕಾರ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಅನುಸ್ವರಗಳಲ್ಲಿ ಇರುತ್ತದೆ. ಪಿಟೀಲುಗಳು ಸುಮ್ಮನೆ ಒಂದು ಸ್ವರ ಹಿಡಿದು ನಿಂತರೂ ಸಾಕು, ಅದು ಮುಚ್ಚಿಹೋಗುತ್ತದೆ; ಉಳಿಯುವುದು ಒಣ ‘ಟಕ್’ ಮಾತ್ರ.

‘ನವೆಂಬರ್ ಸ್ಟೆಪ್ಸ್’ನ ಸ್ಕೋರನ್ನು ಈ ಹಿನ್ನೆಲೆಯಲ್ಲಿ ನೋಡಿ. ಆರ್ಕೆಸ್ಟ್ರಾದಲ್ಲಿ ಎರಡು ಓಬೊ, ಮೂರು ಕ್ಲಾರಿನೆಟ್, ಮೂರು ಟ್ರಂಪೆಟ್, ಮೂರು ಟ್ರೊಂಬೋನ್. ಫ್ಲೂಟ್ ಇಲ್ಲ. ಶಕುಹಾಚಿಯ ಪಕ್ಕದಲ್ಲಿ ಫ್ಲೂಟ್ ಇಟ್ಟರೆ ಒಂದು ಇನ್ನೊಂದರ ಬಡ ಪ್ರತಿಯಂತೆ ಕೇಳಿಸುತ್ತದೆ. ಯಾವುದು ಬಡವಾಗುತ್ತದೆ ಎಂಬುದು ಮಾತ್ರ ಕೇಳುಗನ ಅಭ್ಯಾಸಕ್ಕೆ ಬಿಟ್ಟದ್ದು. ತಂತಿವಾದ್ಯ, ಹಾರ್ಪ್, ತಾಳವಾದ್ಯಗಳು ಎರಡು ಗುಂಪಾಗಿ ಎಡಕ್ಕೂ ಬಲಕ್ಕೂ ಒಡೆದು ಕೂರುತ್ತವೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಈ ವಿನ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇಲ್ಲಿ ತಂತಿವಾದ್ಯಗಳು ರಾಗ ಹಾಡುವುದು ಕಡಿಮೆ. ಜಾರುವುದು, ತಟ್ಟುವುದು, ತಂತಿಯನ್ನು ಸೆಳೆದು ಬಿಡುವುದು ಹೀಗೆ ಬಿವಾದ ಹೊಡೆತಕ್ಕೂ ಶಕುಹಾಚಿಯ ಉಸಿರಿಗೂ ದೂರದ ಸಂಬಂಧಿಗಳಾದ ಸದ್ದುಗಳನ್ನು ಹೊರಡಿಸುತ್ತವೆ. ಅಂದರೆ ಜಪಾನಿ ವಾದ್ಯಗಳನ್ನು ಆರ್ಕೆಸ್ಟ್ರಾದ ಶಿಸ್ತಿಗೆ ಎಳೆಯುವ ಬದಲು ಆರ್ಕೆಸ್ಟ್ರಾವನ್ನೇ ನಾದದ ಮಟ್ಟದಲ್ಲಿ ಅವುಗಳ ಕಡೆ ಸರಿಸಿದ್ದಾರೆ. ನೀವು ‘ಬೆಸುಗೆ ಎಲ್ಲಿ’ ಎಂದು ಕೇಳಿದಿರಲ್ಲ, ಇದ್ದರೆ ಅದು ಇಲ್ಲಿದೆ. ಏಕಕಾಲಕ್ಕೆ ನುಡಿಸುವುದರಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೃತಿ ಹನ್ನೊಂದು ಹಂತಗಳದ್ದು, ಒಟ್ಟು ಇಪ್ಪತ್ತು ನಿಮಿಷದ ಆಸುಪಾಸು. ಕೊನೆಗೆ ಮುಂಚೆ ಬರುವ ಉದ್ದನೆಯ ಕೆಡೆನ್ಜಾದಲ್ಲಿ, ಅಂದರೆ ಮುಖ್ಯ ವಾದಕರಷ್ಟೇ ನುಡಿಸುವ ಭಾಗದಲ್ಲಿ, ಆರ್ಕೆಸ್ಟ್ರಾ ಪೂರ್ತಿ ಮೌನ. ಅಲ್ಲಿ ಇಬ್ಬರು ವಾದಕರಿಗೆ ಪಂಚರೇಖೆಯ ಬರಹವಿಲ್ಲ; ಚಿತ್ರರೂಪದ ಸಂಕೇತಗಳಿವೆ, ಎಷ್ಟು ಹೊತ್ತು ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಅವರಿಗೆ ಬಹಳ ಸ್ವಾತಂತ್ರ್ಯ. ಇದರ ಪ್ರಾಯೋಗಿಕ ಕಾರಣವನ್ನು ಮರೆಯಬೇಡಿ. ಆರ್ಕೆಸ್ಟ್ರಾ ನಿರ್ದೇಶಕನ ಕೋಲಿನ ಎಣಿಕೆಯ ಮೇಲೆ ನಡೆಯುತ್ತದೆ. ಈ ವಾದ್ಯಗಳ ಸಂಪ್ರದಾಯದಲ್ಲಿ ಮುಂದಿನ ಸ್ವರ ಯಾವಾಗ ಎಂಬುದನ್ನು ಹಿಂದಿನ ಸ್ವರದ ಅಡಗುವಿಕೆ ನಿರ್ಧರಿಸುತ್ತದೆ. ಎರಡನ್ನೂ ಒಂದೇ ಕೋಲಿಗೆ ಕಟ್ಟಿದರೆ ಸೋಲುವುದು ಯಾವಾಗಲೂ ಎರಡನೆಯದು.

ತಕೆಮಿತ್ಸು ಅಲ್ಲಿಗೇ ನಿಲ್ಲಲಿಲ್ಲ ಎನ್ನುವುದನ್ನೂ ಹೇಳಬೇಕು. 1973ರಲ್ಲಿ ಅದೇ ಎರಡು ವಾದ್ಯ ಮತ್ತು ಆರ್ಕೆಸ್ಟ್ರಾಕ್ಕೆ ‘ಆಟಮ್’ ಬರೆದಾಗ ಎರಡೂ ಲೋಕವನ್ನು ಇನ್ನಷ್ಟು ಹತ್ತಿರಕ್ಕೆ ತಂದರು. ನನ್ನ ಮಟ್ಟಿಗೆ ಅದು ಹೆಚ್ಚು ಇಂಪಾದ, ಕಡಿಮೆ ಕಾಡುವ ಕೃತಿ. 1992ರ ‘ಸೆರಿಮೊನಿಯಲ್’ನಲ್ಲಿ ಮತ್ತೆ ಬೇರ್ಪಡಿಸುವ ಉಪಾಯಕ್ಕೇ ಬಂದರು: ಆರಂಭ ಮತ್ತು ಅಂತ್ಯ ‘ಶೋ’ ವಾದ್ಯದ ಒಂಟಿ ನಾದ, ನಡುವೆ ಆರ್ಕೆಸ್ಟ್ರಾ. ಶೋ ಎಂದರೆ ಹದಿನೇಳು ಬಿದಿರು ಕೊಳವೆಗಳ ಬಾಯಿವಾದ್ಯ. ಅವುಗಳಲ್ಲಿ ನುಡಿಯುವವು ಹದಿನೈದು. ಉಸಿರು ಒಳಗೆಳೆದರೂ ಹೊರಬಿಟ್ಟರೂ ನುಡಿಯುತ್ತದೆ. ಇದರಲ್ಲಿ ಶ್ರುತಿಯ ಕಷ್ಟ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. ಆಸ್ಥಾನ ಸಂಗೀತವಾದ ಗಗಾಕುವಿನಲ್ಲಿ ಎ ಸ್ವರ 430 ಹರ್ಟ್ಸ್. ಜಪಾನಿನ ಆರ್ಕೆಸ್ಟ್ರಾಗಳಲ್ಲಿ ಸಾಮಾನ್ಯವಾಗಿ 442. ವ್ಯತ್ಯಾಸ ಸುಮಾರು 48 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್), ಅಂದರೆ ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧ. ಶೋದ ಲೋಹದ ನಾಲಗೆಗಳನ್ನು ಮೇಣದ ಚುಕ್ಕೆಯ ತೂಕದಿಂದ ಶ್ರುತಿ ಮಾಡಿರುತ್ತಾರೆ, ವೇದಿಕೆಯ ಮೇಲೆ ನಿಂತು ಸರಿಪಡಿಸಲಾಗದು. ಆರ್ಕೆಸ್ಟ್ರಾ ಜೊತೆ ನುಡಿಸಲು ಬೇರೆಯೇ ಶ್ರುತಿಯ ಶೋ ಬೇಕು. ಉಸಿರಿನ ತೇವ ನಾಲಗೆಯ ಮೇಲೆ ಕೂತರೆ ಸ್ವರ ಕೆಡುವುದರಿಂದ ನುಡಿಸುವ ಮುಂಚೆಯೂ ನಡುನಡುವೆಯೂ ವಾದ್ಯವನ್ನು ಕೆಂಡದ ಅಥವಾ ವಿದ್ಯುತ್ ಒಲೆಯ ಮೇಲೆ ಬಿಸಿ ಮಾಡುತ್ತಲೇ ಇರಬೇಕು. ಅದಕ್ಕೆ ಸ್ಕೋರಿನಲ್ಲೇ ಬಿಡುವು ಬಿಡದ ಸಂಯೋಜಕರು ವಾದಕರ ಶಾಪಕ್ಕೆ ಗುರಿಯಾಗುತ್ತಾರೆ.

ಹಾಗಾದರೆ ಬೆರೆಸಿದವರೇ ಇಲ್ಲವೇ? ಇದ್ದಾರೆ. ಅವರು ವಾದ್ಯವನ್ನೇ ಬದಲಿಸಿದರು. ಸಂಯೋಜಕ ಮಿಚಿಯೊ ಮಿಯಾಗಿ (1894–1956) ಕೊತೊ ಎಂಬ ಹದಿಮೂರು ತಂತಿಯ ಮೀಟುವ ವಾದ್ಯಕ್ಕೆ ಮಂದ್ರ ಸಾಲದೆಂದು 1921ರಲ್ಲಿ ಹದಿನೇಳು ತಂತಿಯ ಕೊತೊ ಮಾಡಿಸಿದರು. 1929ರ ಅವರ ‘ಹಾರು ನೊ ಉಮಿ’ ಕೊತೊ ಮತ್ತು ಶಕುಹಾಚಿಗೆ ಬರೆದದ್ದು. ಅದರ ಶಕುಹಾಚಿ ಭಾಗವನ್ನು ಫ್ರೆಂಚ್ ಪಿಟೀಲು ವಾದಕಿ ರೆನೆ ಶೆಮೆ ಪಿಟೀಲಿಗೆ ಹೊಂದಿಸಿಕೊಂಡು ನುಡಿಸಿದಾಗ ಅದು ಹೊರದೇಶಗಳಲ್ಲೂ ಹೆಸರಾಯಿತು. ಪಿಟೀಲಿಗೆ ಅಷ್ಟು ಸಲೀಸಾಗಿ ಒಗ್ಗಿತು ಎಂಬುದೇ ಅದರ ರಾಗದ ನಡೆ ಎಷ್ಟು ಪಾಶ್ಚಾತ್ಯವಾಗಿತ್ತು ಎಂಬುದಕ್ಕೆ ಸಾಕ್ಷಿ. ಸಂಯೋಜಕ ಮಿನೊರು ಮಿಕಿ (1930–2011) ಕೊತೊ ವಾದಕಿ ಕೇಕೊ ನೊಸಾಕಾ ಜೊತೆ ಸೇರಿ 1969ರಲ್ಲಿ ಇಪ್ಪತ್ತು ತಂತಿಯ ಕೊತೊ ರೂಪಿಸಿದರು. ಜಪಾನಿ ವಾದ್ಯಗಳ ತಂಡ ಮತ್ತು ಪೂರ್ಣ ಆರ್ಕೆಸ್ಟ್ರಾ ಒಟ್ಟಿಗೆ ನುಡಿಸುವ ಅವರ ಸಿಂಫನಿಯನ್ನು 1981ರಲ್ಲಿ ಕುರ್ಟ್ ಮಸೂರ್ ಲೈಪ್‌ಜಿಗ್‌ನಲ್ಲಿ ಮೊದಲು ನಡೆಸಿದರು. ಕೊತೊದಲ್ಲಿ ಇದು ಸಾಧ್ಯ, ಯಾಕೆಂದರೆ ಅದರ ಸರಿಸುವ ಕುದುರೆಗಳಿಂದ ಬೇಕಾದ ಶ್ರುತಿಗೆ ಬರಬಹುದು, ಹೆಚ್ಚು ತಂತಿ ಸೇರಿಸಬಹುದು. ಶಕುಹಾಚಿಗೂ ಏಳು, ಒಂಬತ್ತು ತೂತುಗಳ ರೂಪಗಳು ಬಂದಿವೆ. ಆದರೆ ತೂತು ಹೆಚ್ಚಿದಷ್ಟೂ ಮೆರಿಯ ಅಗತ್ಯ ಕಡಿಮೆ. ಮೆರಿ ಹೋದರೆ ಆ ವಾದ್ಯವನ್ನು ಆರಿಸಿದ ಕಾರಣವೇ ಅರ್ಧ ಹೋಯಿತು.

ಈಗ ನಿಮ್ಮ ಕೃತಿ. ಮೊದಲು ಸ್ವರಗಳ ಪಟ್ಟಿ ಮಾಡಿ: ಯಾವ ಸ್ವರ ಗಟ್ಟಿಯಾಗಿ ಬೇಕು, ಯಾವುದು ಮಂಕಾದರೂ ನಡೆಯುತ್ತದೆ. ಗಟ್ಟಿ ಬೇಕಾದವು ಡಿ, ಎಫ್, ಜಿ, ಎ, ಸಿಯಲ್ಲಿ ಬಿದ್ದರೆ ಒಂದು ಶಾಕು ಎಂಟು ಸುನ್‌ನ ರೂಢಿಯ ಕೊಳಲು ಸಾಕು. ಈ-ಫ್ಲ್ಯಾಟ್ ಮೇಲೆಯೇ ಕೃತಿ ನಿಂತಿದ್ದರೆ ಒಂದು ಸುನ್ ಗಿಡ್ಡದ್ದನ್ನು ಕೇಳಿ, ಅದರ ಬುಡದ ಸ್ವರ ಈ-ಫ್ಲ್ಯಾಟ್. ಎರಡು ಶಾಕು ನಾಲ್ಕು ಸುನ್‌ನ ಉದ್ದ ಕೊಳಲು ಕೆಳಗಿನ ಎ ಕೊಡುತ್ತದೆ, ದನಿ ಗಂಭೀರ. ತೂತುಗಳ ಅಂತರ ಹೆಚ್ಚಿರುವುದರಿಂದ ವೇಗ ಬರುವುದಿಲ್ಲ. ಒಂದೇ ಕೃತಿಯಲ್ಲಿ ಕೊಳಲು ಬದಲಿಸಬೇಕಿದ್ದರೆ ಕನಿಷ್ಠ ಹದಿನೈದು ಸೆಕೆಂಡ್ ಬಿಡಿ. ಹೊಸದಾಗಿ ಎತ್ತಿಕೊಂಡ ಕೊಳಲು ತಣ್ಣಗಿದ್ದು ಶ್ರುತಿ ಇಳಿದಿರುತ್ತದೆ, ಬದಲಿಸಿದ ಮೊದಲ ಸ್ವರವನ್ನು ತಂತಿವಾದ್ಯಗಳ ಜೊತೆ ಒಂದೇ ಸ್ಥಾಯಿಯಲ್ಲಿ ಇಡಬೇಡಿ.

ಸ್ಯಾಂಪಲ್ ಟ್ರ್ಯಾಕ್‌ನಲ್ಲಿ ಒಂದು ಪರೀಕ್ಷೆ ಮಾಡಿ. ಶಕುಹಾಚಿಯ ಮೆರಿ ಸ್ವರಗಳ ಗಟ್ಟಿತನವನ್ನೆಲ್ಲ ಅರ್ಧಕ್ಕೆ ಇಳಿಸಿ, ಇಡೀ ಶಕುಹಾಚಿ ಟ್ರ್ಯಾಕನ್ನೂ ಸ್ವಲ್ಪ ತಗ್ಗಿಸಿ ಮತ್ತೆ ಕೇಳಿ. ಎಲ್ಲಿ ಕಳೆದುಹೋಯಿತೋ ಅಲ್ಲೆಲ್ಲ ತಂತಿಗಳ ಬರಹ ತೆಳುವಾಗಬೇಕು. ಶಕುಹಾಚಿ ಕೆಳಸ್ಥಾಯಿಯಲ್ಲಿರುವಾಗ ಅದೇ ಸಪ್ತಕವನ್ನು ಪಿಟೀಲು, ವಯೋಲಾಗಳಿಗೆ ಕೊಡಬೇಡಿ. ಹನ್ನೆರಡರಲ್ಲಿ ನಾಲ್ವರು ಸಾಕು: ಇಬ್ಬರು ಮೇಲೆ ಹಾರ್ಮೊನಿಕ್ಸ್‌ನಲ್ಲಿ (ತಂತಿಯನ್ನು ಹಗುರವಾಗಿ ಮುಟ್ಟಿ ತೆಗೆಯುವ ತೆಳು ನಾದದಲ್ಲಿ), ಒಂದು ಚೆಲ್ಲೊ, ಒಂದು ಬಾಸ್ ಕೆಳಗೆ. ನಡುವಿನ ಜಾಗ ಖಾಲಿ. ಮೇಲುಸ್ಥಾಯಿಯಲ್ಲಿ ಶಕುಹಾಚಿ ತಾನೇ ತೂರಿಕೊಂಡು ಬರುತ್ತದೆ, ಅಲ್ಲಿ ತಂಡವನ್ನು ತುಂಬಿಸಬಹುದು.

ತಂತಿವಾದ್ಯದವರಿಗೆ ‘ವೈಬ್ರಾಟೊ ಬೇಡ’ ಎಂದು ಬರೆಯಿರಿ. ಶಕುಹಾಚಿಯ ನಡುಕ ತಲೆಯಾಡಿಸಿ ಬರುವಂಥದ್ದು, ನಿಧಾನವಾಗಿ ಹುಟ್ಟಿ ಅಗಲವಾಗುತ್ತದೆ. ಹಿಂದೆ ಆಗಲೇ ಹನ್ನೆರಡು ಜನರ ಬೆರಳು ನಡುಗುತ್ತಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಸಾಂಪ್ರದಾಯಿಕವಾಗಿ ಪಳಗಿದವರು ಈ-ಫ್ಲ್ಯಾಟನ್ನು ಪಿಯಾನೊದ ಈ-ಫ್ಲ್ಯಾಟ್‌ಗಿಂತ ಕೆಳಗೇ ನಿಲ್ಲಿಸುತ್ತಾರೆ. ತಂತಿಗಳಲ್ಲಿ ಅದೇ ಸ್ವರ ಅದೇ ಕ್ಷಣಕ್ಕೆ ಇದ್ದರೆ ಕಚ್ಚಾಟ. ಆ ಸ್ವರವನ್ನು ಶಕುಹಾಚಿ ಒಂದಕ್ಕೇ ಬಿಟ್ಟುಬಿಡಿ.

ಶ್ರುತಿಗೆ ಸಂಬಂಧಿಸಿದಂತೆ, ತಂಡ 440ಕ್ಕೋ 442ಕ್ಕೋ ಎಂಬುದನ್ನು ವಾದಕರಿಗೆ ಮೊದಲೇ ತಿಳಿಸಿ. ಕೊಳಲಿನೊಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಸ್ವರ ಸುಮಾರು 3 ಸೆಂಟ್ ಇಳಿಯುತ್ತದೆ. ಎಸಿ ಹಾಕಿದ ವೇದಿಕೆ ಹೊರಗಿನ ಕೋಣೆಗಿಂತ ಹತ್ತು ಡಿಗ್ರಿ ತಂಪಾಗಿದ್ದರೆ ಶುರುವಿನಲ್ಲಿ 30 ಸೆಂಟ್‌ವರೆಗೂ ವ್ಯತ್ಯಾಸ ಬರಬಹುದು. ವಾದಕರು ಗದ್ದ ಎತ್ತಿ ಸರಿದೂಗಿಸುತ್ತಾರೆ ನಿಜ, ಆದರೆ ಎತ್ತುವ ಅವಕಾಶವೆಲ್ಲ ಅದಕ್ಕೇ ಖರ್ಚಾದರೆ ನೀವು ಬರೆದ ಏರಿಳಿತಕ್ಕೆ ಜಾಗ ಉಳಿಯುವುದಿಲ್ಲ.

ಬರಹದಲ್ಲಿ ಪಂಚರೇಖೆಯನ್ನೇ ಬಳಸಬಹುದು. ಇಂದಿನ ಬಹಳಷ್ಟು ವೃತ್ತಿಪರ ವಾದಕರು ಅದನ್ನು ಓದುತ್ತಾರೆ. ಪುಟದ ತಲೆಯಲ್ಲಿ ಕೊಳಲಿನ ಉದ್ದ ನಮೂದಿಸಿ. ಅಲಂಕಾರಗಳನ್ನು ಮೂವತ್ತೆರಡನೇ ಭಾಗಗಳಾಗಿ ಸೀಳಿ ಬರೆಯಲು ಹೋಗಬೇಡಿ. ಮೆರಿ, ಮುರಾಇಕಿ ಎಂದು ಹೆಸರು ಬರೆದು ಆರಂಭ-ಅಂತ್ಯದ ಸ್ವರ ತೋರಿಸಿದರೆ ಅವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ನಿಧಾನ ಭಾಗದಲ್ಲಿ ಒಂದು ಉಸಿರಿಗೆ ಹತ್ತು ಸೆಕೆಂಡ್ ಲೆಕ್ಕ ಹಿಡಿಯಿರಿ. ಮುರಾಇಕಿ ಇದ್ದರೆ ಅದರ ಅರ್ಧ.

ಶಕುಹಾಚಿ ಸ್ವತಂತ್ರವಾಗಿ ನುಡಿಸುವ ಕಡೆ ತಂತಿಗಳಿಗೆ ಬಾರ್‌ಗಳನ್ನು ಎಣಿಸಲು ಕೊಡಬೇಡಿ. ‘ಈ ಸ್ವರ ಹಿಡಿದಿರಿ, ಮುರಾಇಕಿ ಕೇಳಿದ ಮೇಲೆ ನಿರ್ದೇಶಕರ ಸನ್ನೆಗೆ ಮುಂದಕ್ಕೆ’ ಎಂದು ಬರೆದು, ಶಕುಹಾಚಿಯ ಆ ಸಾಲನ್ನು ಅವರ ಹಾಳೆಯಲ್ಲೂ ಚಿಕ್ಕದಾಗಿ ಅಚ್ಚು ಹಾಕಿ. ಸನ್ನೆಗೆ ಆರಿಸುವ ಸದ್ದು ತಪ್ಪಿಲ್ಲದೆ ಗುರುತು ಸಿಗುವಂಥದ್ದಾಗಿರಬೇಕು. ಮೆಲ್ಲಗೆ ಅಡಗುವ ಸ್ವರವನ್ನು ಸನ್ನೆಯಾಗಿ ಇಟ್ಟರೆ ಹಿಂದಿನ ಸಾಲಿನವರಿಗೆ ಅದು ಮುಗಿದದ್ದೇ ಗೊತ್ತಾಗದು.

ಮೈಕ್ ಬೇಕೇಬೇಕಾದರೆ ಬಾಯಿಯ ನೇರಕ್ಕೆ ಇಡಬೇಡಿ, ಗಾಳಿಯ ಹೊಡೆತವೇ ತುಂಬುತ್ತದೆ. ತಲೆಯಾಡಿಸಿದಾಗಲೆಲ್ಲ ದನಿ ಏರಿಳಿಯುತ್ತದೆ. ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ಎದೆಯ ಮಟ್ಟದಲ್ಲಿ, ತೂತುಗಳ ಕಡೆ ಮುಖಮಾಡಿ ಇಟ್ಟರೆ ಉಸಿರು ಮತ್ತು ನಾದ ಎರಡೂ ಹದವಾಗಿ ಸಿಗುತ್ತವೆ.

ಕೇಳಲು: ಓಜಾವಾ ‘ನವೆಂಬರ್ ಸ್ಟೆಪ್ಸ್’ ಅನ್ನು ಅದೇ 1967ರಲ್ಲಿ ಟೊರೊಂಟೊ ಸಿಂಫನಿಯೊಂದಿಗೆ, ಮುಂದೆ ಸೈಟೊ ಕಿನೆನ್ ಆರ್ಕೆಸ್ಟ್ರಾದೊಂದಿಗೆ ಧ್ವನಿಮುದ್ರಿಸಿದ್ದಾರೆ, ಎರಡರಲ್ಲೂ ಏಕವ್ಯಕ್ತಿ ವಾದಕರು ತ್ಸುರುತಾ ಮತ್ತು ಯೊಕೊಯಾಮಾ ಅವರೇ. ಕೆಡೆನ್ಜಾಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿ. ಸ್ಕೋರ್ ಒಂದೇ ಆದರೂ ಮೌನಗಳ ಅಳತೆ ಎಷ್ಟು ಬೇರೆ ಎಂಬುದನ್ನು ಗಡಿಯಾರ ಹಿಡಿದೇ ಗಮನಿಸಿ. ನಿಮ್ಮ ಸ್ವತಂತ್ರ ಭಾಗಕ್ಕೆ ಎಷ್ಟು ಸೆಕೆಂಡ್ ಬರೆಯಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಂದಾಜು ಸಿಗದು. ಆಮೇಲೆ ಶಕುಹಾಚಿಯ ಭಾಗವನ್ನಷ್ಟೇ ರಿಹರ್ಸಲ್‌ಗೆ ಒಂದು ತಿಂಗಳು ಮುಂಚೆ ವಾದಕರಿಗೆ ಕಳಿಸಿ, ಯಾವ ಸ್ವರಗಳಿಗೆ ನೀವು ಬರೆದ ಗಟ್ಟಿತನ ಬಾರದು ಎಂಬುದನ್ನು ಅವರಿಂದಲೇ ಗುರುತು ಹಾಕಿಸಿಕೊಳ್ಳಿ. ತಂತಿಗಳ ಭಾಗವನ್ನು ಅಂತಿಮಗೊಳಿಸುವುದು ಆ ಹಾಳೆ ವಾಪಸು ಬಂದ ಮೇಲೆ.